ಹೆಗಲ ಮೇಲಿನ ಗುರುತು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿರುವ ಹುಲಗೂರು, ಖಾದರಿ ಸಂತರ ದರ್ಗೆಯಿಂದ ಹೆಸರಾದ ಊರು. ಸಂತ ಶಿಶುನಾಳ ಶರೀಫರ ಜನನದ ಕಥೆಯೂ ಈ ದರ್ಗೆಯೊಂದಿಗೆ ಹೆಣೆದುಕೊಂಡಿದೆ. ಆದುದರಿಂದ ಹುಲಗೂರು ಎಂದೊಡನೆ ಜನರ ಮನಸ್ಸಿಗೆ ಭಕ್ತಿಯ ನೆನಪು ಬರುವುದು ಸಹಜ. ಆದರೆ ಈ ಸೀಮೆಯ ಚರಿತ್ರೆಗೆ ಇನ್ನೊಂದು ಮುಖವೂ ಉಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಶನ ಹೆಸರನ್ನು ಹೊತ್ತ ಬಂಕಾಪುರ, ಕದಂಬರ ರಾಜಧಾನಿಯಾಗಿದ್ದ ಹಾನಗಲ್ಲು, ನವಾಬರು ಆಳಿದ ಸವಣೂರು ಇವೆಲ್ಲವೂ ಇದರ ನೆರೆಹೊರೆಯ ಊರುಗಳೇ. ಸಾವಿರ ವರ್ಷಗಳ ಕಾಲ ಒಂದರ ಬೆನ್ನಿಗೆ ಒಂದು ದಂಡು ಈ ನೆಲವನ್ನು ತುಳಿದು ಹೋಯಿತು. ದಂಡುಗಳು ಹೋದರೂ ಅವುಗಳ ಪದವಿಗಳು ಮನೆತನದ ಹೆಸರುಗಳಾಗಿ ಉಳಿದವು. ಉತ್ತರ ಕರ್ನಾಟಕದ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ದಳವಾಯಿ, ನಾಯಕ, ಹವಾಲ್ದಾರ, ಜಮಾದಾರ, ಕಿಲ್ಲೇದಾರ ಎಂಬ ಅಡ್ಡಹೆಸರುಗಳು ಇಂದಿಗೂ ಕಾಣಸಿಗುತ್ತವೆ.

ಈ ಹೆಸರುಗಳ ಅರ್ಥವನ್ನು ವಿಚಾರಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಳವನ್ನು ನಡೆಸುವವನು ದಳವಾಯಿ. ಕಿಲ್ಲೆಯನ್ನು, ಎಂದರೆ ಕೋಟೆಯನ್ನು ಕಾಯುವವನು ಕಿಲ್ಲೇದಾರ. ಹವಾಲೆ ಎಂದರೆ ಒಬ್ಬನ ವಶಕ್ಕೆ ಒಪ್ಪಿಸಿದ ಹೊಣೆ. ಆ ಹೊಣೆಯನ್ನು ಹೊತ್ತವನೇ ಹವಾಲ್ದಾರ. ಹೀಗೆ ಇವೆಲ್ಲವೂ ಹೊಣೆಯನ್ನು ಸೂಚಿಸುವ ಪದಗಳು. ಗೌರವವು ಅವುಗಳ ಹಿಂದೆ ನೆರಳಿನಂತೆ ಬಂದುದೇ ಹೊರತು ಮೊದಲು ಬಂದುದಲ್ಲ.

ರಣರಂಗದಲ್ಲಿ ಹೊಣೆಗಾರನನ್ನು ಗುರುತಿಸುವುದು ಸುಲಭವಲ್ಲ. ಧೂಳು ಕವಿದಿರುತ್ತದೆ, ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಯಾರ ಆಜ್ಞೆಯನ್ನು ಪಾಲಿಸಬೇಕು, ನಾಯಕನು ಬಿದ್ದರೆ ಆತನ ಸ್ಥಾನಕ್ಕೆ ಯಾರು ಬರಬೇಕು ಎಂಬುದು ಕಣ್ಣಿಗೆ ಒಡನೆಯೇ ತಿಳಿಯಬೇಕು. ಈ ಅವಶ್ಯಕತೆಯಿಂದಲೇ ಸೈನಿಕರ ಲಾಂಛನಗಳು ಹುಟ್ಟಿದವು. ಲಾಂಛನವೆಂಬುದು ಅಕ್ಷರವಿಲ್ಲದ ಬರಹ. ಅದನ್ನು ಓದಬಲ್ಲವನಿಗೆ ಧರಿಸಿದವನ ಪದವಿ, ದಳ, ಕಾಲ ಮೂರೂ ತಿಳಿಯುತ್ತವೆ.

ಪ್ರಾಚೀನ ಕರ್ನಾಟಕದಲ್ಲಿ ಈ ಬರಹವು ಹೆಗಲ ಮೇಲೆ ಇರಲಿಲ್ಲ. ಹಾನಗಲ್ಲಿನ ಕದಂಬರು ವಾನರಧ್ವಜವನ್ನೂ ಸಿಂಹಲಾಂಛನವನ್ನೂ ಉಳ್ಳವರೆಂದು ಅವರ ಶಾಸನಗಳು ಹೊಗಳುತ್ತವೆ. ಮಹಾಮಂಡಲೇಶ್ವರರನ್ನು ಕುರಿತು ಹೇಳುವಾಗ ಶಾಸನಗಳು ‘ಪಂಚಮಹಾಶಬ್ದ’ವನ್ನು ಪಡೆದವರೆಂದು ವರ್ಣಿಸುತ್ತವೆ. ಐದು ಬಗೆಯ ವಾದ್ಯಗಳನ್ನು ಮೊಳಗಿಸಿಕೊಳ್ಳುವ ಹಕ್ಕು ಅದು. ಎಂದರೆ ಪದವಿಯು ಅಂದು ಕಣ್ಣಿಗೆ ಕಾಣುತ್ತಿದ್ದಂತೆ ಕಿವಿಗೂ ಕೇಳಿಸುತ್ತಿತ್ತು. ಪರಾಕ್ರಮಿಯಾದವನ ಕಾಲಿಗೆ ಗಂಡಪೆಂಡೇರವನ್ನು ತೊಡಿಸುವ ಪದ್ಧತಿಯೂ ಇತ್ತು. ಹಾವೇರಿ ಜಿಲ್ಲೆಯ ಅನೇಕ ಊರುಗಳಲ್ಲಿ ದೇವಾಲಯದ ಬಳಿಯೋ ಕೆರೆಯ ದಂಡೆಯಲ್ಲಿಯೋ ನಿಂತಿರುವ ವೀರಗಲ್ಲುಗಳು ಆ ಕಾಲದ ಸಾಕ್ಷಿಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ದೇವರ ಸನ್ನಿಧಿ ಹಾಗೂ ಸೂರ್ಯಚಂದ್ರರು ಕಾಣುತ್ತಾರೆ. ಕಾಳಗದ ಪಟ್ಟಿಕೆಯನ್ನು ಗಮನವಿಟ್ಟು ನೋಡಬೇಕು. ಕುದುರೆಯೇರಿದವನಾರು, ಬರಿಗಾಲಿನಲ್ಲಿ ನಿಂತವನಾರು, ಯಾರ ತಲೆಯ ಮೇಲೆ ಕೊಡೆ ಇದೆ, ಯಾರ ಕೈಯಲ್ಲಿ ಬಿಲ್ಲು ಇದೆ ಎಂಬುದನ್ನು ಶಿಲ್ಪಿ ಬೇರೆ ಬೇರೆಯಾಗಿ ತೋರಿಸುತ್ತಾನೆ. ಸತ್ತವನು ಸಾಮಾನ್ಯ ಕಾಲಾಳಾಗಿದ್ದರೆ ಕಾಲಾಳಾಗಿಯೇ ಕಡೆದಿದ್ದಾನೆ. ವೀರಸ್ವರ್ಗ ದೊರೆಯಲು ದಂಡನಾಯಕನಾಗಿರಬೇಕೆಂಬ ನಿಯಮವೇನೂ ಆ ಕಲ್ಲುಗಳಲ್ಲಿ ಇಲ್ಲ.

ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳಲ್ಲಿ ಭಾರತೀಯ ಸೈನಿಕರಿಗೆ ಸಿಪಾಯಿ, ನಾಯಕ್, ಹವಾಲ್ದಾರ್, ಜಮಾದಾರ್, ಸುಬೇದಾರ್ ಎಂಬ ಪದವಿಗಳು ಸ್ಥಿರಗೊಂಡವು. ಇವು ನಮ್ಮ ನಾಡಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಮಾತುಗಳು. ಇವುಗಳಲ್ಲಿ ಹೆಚ್ಚಿನವು ಸ್ವತಂತ್ರ ಭಾರತದ ಸೈನ್ಯದಲ್ಲಿಯೂ ಮುಂದುವರಿದಿವೆ. ಜಮಾದಾರ್ ಎಂಬ ಪದವಿ ಮಾತ್ರ 1965ರಲ್ಲಿ ನಾಯಬ್ ಸುಬೇದಾರ್ ಎಂದು ಬದಲಾಯಿತು. ಇಂದಿನ ಭಾರತೀಯ ಭೂಸೇನೆಯಲ್ಲಿ ನಾಯಕನ ತೋಳಿನ ಮೇಲೆ ಎರಡು ಪಟ್ಟೆ, ಹವಾಲ್ದಾರನ ತೋಳಿನ ಮೇಲೆ ಮೂರು ಪಟ್ಟೆ ಇರುತ್ತವೆ. ಲೆಫ್ಟಿನೆಂಟನ ಹೆಗಲಿನಲ್ಲಿ ಎರಡು ನಕ್ಷತ್ರಗಳು, ಕ್ಯಾಪ್ಟನ್ನನ ಹೆಗಲಿನಲ್ಲಿ ಮೂರು ನಕ್ಷತ್ರಗಳು ಇರುತ್ತವೆ. ಮೇಜರನ ಹೆಗಲಿನಲ್ಲಿ ನಕ್ಷತ್ರವೇ ಇಲ್ಲ. ಅಶೋಕನ ಸಿಂಹಲಾಂಛನ ಒಂದೇ ಇದೆ. ನಕ್ಷತ್ರಗಳನ್ನು ಎಣಿಸುವುದನ್ನಷ್ಟೇ ಕಲಿತವನು ಕ್ಯಾಪ್ಟನ್ನನೇ ಮೇಜರನಿಗಿಂತ ದೊಡ್ಡವನೆಂದು ತಪ್ಪಾಗಿ ಭಾವಿಸಬಹುದು.

ಈ ಸಿಂಹಲಾಂಛನಕ್ಕೂ ಒಂದು ಜನ್ಮದಿನವಿದೆ. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೈನ್ಯದ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದೂವರೆ ವರ್ಷ ಕಳೆದಿದ್ದರೂ ಅಂದು ಸೇನಾಧಿಕಾರಿಗಳ ಲಾಂಛನದಲ್ಲಿ ಬ್ರಿಟಿಷ್ ಕಿರೀಟವೇ ಇತ್ತು. 1950ರ ಜನವರಿ 26ರಂದು ಭಾರತವು ಗಣರಾಜ್ಯವಾದಾಗ ಕಿರೀಟವು ಇಳಿದು ಸಾರನಾಥದ ಸಿಂಹಗಳು ಆ ಸ್ಥಾನಕ್ಕೆ ಏರಿದವು. ಅದೇ ಹೆಗಲು, ಅದೇ ಪದವಿ, ಅದೇ ವ್ಯಕ್ತಿ. ಆದರೆ ಆತನು ಯಾರ ಹೆಸರಿನಲ್ಲಿ ಆಜ್ಞೆ ನೀಡುತ್ತಾನೆ ಎಂಬುದು ಬದಲಾಗಿತ್ತು. ಅಂಗೈಯಗಲದ ಸ್ಥಳದಲ್ಲಿ ಒಂದು ರಾಷ್ಟ್ರದ ಚರಿತ್ರೆ ತಿರುಗಿತು. ಆದುದರಿಂದ 1949ರ ಕಾರ್ಯಪ್ಪನವರನ್ನು ಚಿತ್ರಿಸುವ ಕಲಾವಿದನು ಸಿಂಹವನ್ನು ಬರೆದರೆ ಅದು ಸಣ್ಣ ತಪ್ಪಲ್ಲ. ಕಾರ್ಯಪ್ಪನವರು ಮುಂದೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯ ಗೌರವವನ್ನು ಪಡೆದರು.

ಗತಕಾಲವನ್ನು ಮತ್ತೆ ಕಣ್ಣೆದುರಿಗೆ ತರುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇವರ ಕಥೆಗಳನ್ನು ಯುವಕರು ರಂಗದ ಮೇಲೆ ಅಭಿನಯಿಸುತ್ತಾರೆ. ಕಿತ್ತೂರು ಉತ್ಸವದ ಮೆರವಣಿಗೆಯಲ್ಲಿ ಆ ಕಾಲದ ವೇಷಗಳನ್ನು ತೊಟ್ಟವರು ಸಾಗುತ್ತಾರೆ. ಇಂತಹ ಪ್ರಯೋಗಗಳಲ್ಲಿ ಅಭಿನಯಕ್ಕೆ ಕೊಡುವ ಗಮನವನ್ನು ಉಡುಪಿಗೂ ಕೊಡಬೇಕಾಗುತ್ತದೆ. ಕಂಪನಿಯ ಸಿಪಾಯಿಯ ಪಾತ್ರಧಾರಿಗೆ ಬಾಡಿಗೆ ಅಂಗಡಿಯಿಂದ ತಂದ ಖಾಕಿ ಅಂಗಿಯನ್ನು ತೊಡಿಸುವುದು ಸುಲಭ. ಆದರೆ ಕಿತ್ತೂರಿನ ಮೊದಲ ಕಾಳಗ ನಡೆದುದು 1824ರ ಅಕ್ಟೋಬರ್ 23ರಂದು. ಖಾಕಿ ಬಣ್ಣವು ಕಂಪನಿಯ ಪಡೆಗಳಲ್ಲಿ ಮೊದಲಿಗೆ ಕಾಣಿಸಿಕೊಂಡುದು 1840ರ ದಶಕದ ಕೊನೆಯ ವರ್ಷಗಳಲ್ಲಿ, ಅದೂ ದೂರದ ಪೇಶಾವರದ ಗಡಿಯಲ್ಲಿ. 1824ರಲ್ಲಿ ಕಂಪನಿಯ ಕಾಲ್ದಳದ ಸಿಪಾಯಿ ತೊಡುತ್ತಿದ್ದುದು ಕೆಂಪು ಅಂಗಿ. ಅಂದು ಮಡಿದ ಥ್ಯಾಕರೆಯಾದರೋ ಧಾರವಾಡದ ಕಲೆಕ್ಟರ್; ಆತನು ಸೇನಾಧಿಕಾರಿಯೇ ಅಲ್ಲ. ಆತನ ಹೆಗಲಿಗೆ ನಕ್ಷತ್ರಗಳನ್ನು ಅಂಟಿಸಿದರೆ, ಕಂದಾಯದ ಅಧಿಕಾರವು ಸೈನ್ಯವನ್ನು ಕರೆದುಕೊಂಡು ಬಂದು ಒಂದು ಸಂಸ್ಥಾನದ ಬಾಗಿಲನ್ನು ತಟ್ಟಿತು ಎಂಬ ಮುಖ್ಯ ಸತ್ಯವೇ ಮರೆಯಾಗುತ್ತದೆ. ಅಂತೆಯೇ ರಾಯಣ್ಣನಿಗೆ ರಾಜಪೋಷಾಕು ಸಲ್ಲದು. ಆತನು ಸಂಗೊಳ್ಳಿಯ ಶೇತಸನದಿ. ಊರಿನ ಕಾವಲಿನ ಸೇವೆಗಾಗಿ ಭೂಮಿಯನ್ನು ಪಡೆದ ಸಾಮಾನ್ಯ ಯೋಧ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಹಿರಿಮೆ ಇರುವುದು ಆ ಸಾಮಾನ್ಯತೆಯಲ್ಲಿಯೇ.

ಇಂತಹ ವಿವೇಚನೆಯನ್ನು ಒಂದು ಶಾಸ್ತ್ರದಂತೆ ಬೆಳೆಸಿದವರು ಪಾಶ್ಚಾತ್ಯ ದೇಶಗಳಲ್ಲಿಯೂ ರಷ್ಯಾದಲ್ಲಿಯೂ ಇದ್ದಾರೆ. ಹಳೆಯ ಯುದ್ಧಗಳನ್ನು ಅವು ನಡೆದ ನೆಲದಲ್ಲಿಯೇ ಅದೇ ಉಡುಪು, ಅದೇ ಶಸ್ತ್ರಗಳ ಮಾದರಿಗಳೊಂದಿಗೆ ಅಭಿನಯಿಸುವ ಸಂಘಗಳು ಅಲ್ಲಿ ಅನೇಕವಾಗಿವೆ. ನೆಪೋಲಿಯನ್ನನ ವಿರುದ್ಧ 1812ರಲ್ಲಿ ನಡೆದ ಬೊರೊಡಿನೊ ಕದನವನ್ನು ಮಾಸ್ಕೋದ ಸಮೀಪದ ಆ ಬಯಲಿನಲ್ಲಿಯೇ ಪುನರಭಿನಯಿಸುತ್ತ ಬಂದಿದ್ದಾರೆ. 1941ರಿಂದ 1945ರವರೆಗೆ ಸೋವಿಯತ್ ಸೈನ್ಯವು ಹಿಟ್ಲರನ ಪಡೆಗಳ ವಿರುದ್ಧ ನಡೆಸಿದ ಮಹಾಯುದ್ಧವೂ ಅವರಿಗೆ ಮುಖ್ಯ ವಿಷಯ. ಅಂತಹ ಸಂಘಕ್ಕೆ ಸೇರುವವನು ಮೊದಲು ಉತ್ತರಿಸಬೇಕಾದ ಪ್ರಶ್ನೆ ‘ಯಾವ ಪದವಿ?’ ಎಂಬುದಲ್ಲ, ‘ಯಾವ ವರ್ಷ?’ ಎಂಬುದು. ಏಕೆಂದರೆ ಸೋವಿಯತ್ ಸೈನ್ಯದ ಲಾಂಛನಗಳಷ್ಟು ಏರಿಳಿತಗಳನ್ನು ಕಂಡ ಲಾಂಛನಗಳು ವಿರಳ.

ಜಾರ್ ಚಕ್ರವರ್ತಿಯ ಕಾಲದ ರಷ್ಯಾದಲ್ಲಿ ಸೇನಾಧಿಕಾರಿಗಳು ಹೆಗಲಿಗೆ ಚಿನ್ನದ ಎಳೆಯ ಪಟ್ಟಿಗಳನ್ನು ಧರಿಸುತ್ತಿದ್ದರು. ಸಾಮಾನ್ಯ ಸೈನಿಕನ ಕಣ್ಣಿಗೆ ಅವು ದರ್ಪದ ಚಿಹ್ನೆಗಳಾಗಿದ್ದವು. 1917ರ ಕ್ರಾಂತಿಯಲ್ಲಿ ಸೈನಿಕರು ಅಧಿಕಾರಿಗಳ ಹೆಗಲಿನಿಂದ ಆ ಪಟ್ಟಿಗಳನ್ನು ಕಿತ್ತೆಸೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಸರ್ಕಾರವು ಎಲ್ಲ ಸೈನಿಕರೂ ಸಮಾನರೆಂದು ಸಾರಿ ಪದವಿಗಳನ್ನೂ ಲಾಂಛನಗಳನ್ನೂ ರದ್ದುಗೊಳಿಸಿತು. ‘ಚಿನ್ನದ ಹೆಗಲುಪಟ್ಟಿಯವರು’ ಎಂಬುದು ವಿರೋಧಿ ಪಕ್ಷದವರನ್ನು ಹೀಗಳೆಯುವ ಮಾತಾಯಿತು. ಆದರೆ ಪದವಿಗಳನ್ನು ತೆಗೆದುಹಾಕಿದಷ್ಟು ಸುಲಭವಾಗಿ ಅವುಗಳ ಅವಶ್ಯಕತೆಯನ್ನು ತೆಗೆದುಹಾಕಲು ಸಾಧ್ಯವಾಗಲಿಲ್ಲ. ಅಂತರ್ಯುದ್ಧದ ನಡುವೆಯೇ, 1919ರಲ್ಲಿ, ದಳಗಳ ನಾಯಕರನ್ನು ಗುರುತಿಸಲು ತೋಳಿನ ಮೇಲೆ ತ್ರಿಕೋನ, ಚೌಕ, ವಜ್ರಾಕೃತಿಗಳನ್ನು ಹಚ್ಚಬೇಕಾಯಿತು. ಮುಂದೆ ಆ ಆಕೃತಿಗಳು ಕೊರಳಪಟ್ಟಿಗೆ ಬಂದವು. 1935ರಲ್ಲಿ ವೈಯಕ್ತಿಕ ಪದವಿಗಳು ಮರಳಿದವು; 1940ರಲ್ಲಿ ಜನರಲ್ ಎಂಬ ಹೆಸರೂ ಮರಳಿತು. ಕೊನೆಗೆ 1943ರ ಜನವರಿ 6ರ ಆಜ್ಞೆಯಂತೆ, ಕಾಲು ಶತಮಾನದ ಹಿಂದೆ ಕಿತ್ತೆಸೆದಿದ್ದ ಹೆಗಲುಪಟ್ಟಿಗಳೇ ಮರಳಿ ಬಂದವು. ಜನರು ದ್ವೇಷಿಸಿದುದು ಪಟ್ಟಿಯನ್ನಲ್ಲ, ಅದನ್ನು ತೊಟ್ಟವರ ನಡತೆಯನ್ನು ಎಂಬುದನ್ನು ಈ ಇತಿಹಾಸವು ತೋರಿಸಿಕೊಡುತ್ತದೆ.

ಆದುದರಿಂದ 1941ರ ಮಾಸ್ಕೋ ರಕ್ಷಣೆಯ ಸೈನಿಕನ ಹೆಗಲು ಬರಿದಾಗಿರಬೇಕು. ಅವನ ಪದವಿಯನ್ನು ಕೊರಳಪಟ್ಟಿಯಲ್ಲಿ ಹುಡುಕಬೇಕು. ಸಾರ್ಜೆಂಟನಿಗೆ ಎರಡು ತ್ರಿಕೋನಗಳು, ಲೆಫ್ಟಿನೆಂಟನಿಗೆ ಎರಡು ಚೌಕಗಳು, ಕ್ಯಾಪ್ಟನ್ನನಿಗೆ ಒಂದು ಆಯತ, ಮೇಜರನಿಗೆ ಎರಡು ಆಯತಗಳು. 1943ರ ಜುಲೈನ ಕುರ್ಸ್ಕ್ ಕದನದ ಸೈನಿಕನಿಗಾದರೋ ಹೆಗಲುಪಟ್ಟಿ ಇರಲೇಬೇಕು. ಅಲ್ಲಿಯೂ ನಕ್ಷತ್ರಗಳನ್ನು ಎಣಿಸಿದರಷ್ಟೇ ಸಾಲದು. ಉದ್ದಕ್ಕೆ ಒಂದೇ ಗೆರೆಯಿದ್ದು ಒಂದು ಸಣ್ಣ ನಕ್ಷತ್ರವಿದ್ದರೆ ಆತನು ಕಿರಿಯ ಲೆಫ್ಟಿನೆಂಟ್. ಎರಡು ಗೆರೆಗಳಿದ್ದು ಒಂದು ನಕ್ಷತ್ರವಿದ್ದರೆ ಮೇಜರ್. ಗೆರೆಯೇ ಇಲ್ಲದೆ ಅಂಕುಡೊಂಕಿನ ನೇಯ್ಗೆಯ ಮೇಲೆ ಒಂದು ದೊಡ್ಡ ನಕ್ಷತ್ರವಿದ್ದರೆ ಮೇಜರ್ ಜನರಲ್. ಒಂದೇ ನಕ್ಷತ್ರವು ಮೂವರ ಹೆಗಲಿನಲ್ಲಿ ಮೂರು ಅರ್ಥಗಳನ್ನು ಕೊಡುತ್ತದೆ. ಅದೇ ರೀತಿ ಮೂರು ನಕ್ಷತ್ರಗಳುಳ್ಳ ಭಾರತೀಯ ಕ್ಯಾಪ್ಟನ್ನನನ್ನೂ, ಎರಡು ಗೆರೆಗಳೂ ಮೂರು ನಕ್ಷತ್ರಗಳೂ ಉಳ್ಳ ಸೋವಿಯತ್ ಕರ್ನಲ್ಲನನ್ನೂ ಒಂದೇ ಎಂದು ತಿಳಿಯಲಾಗದು. ಒಂದು ಭಾಷೆಯ ವ್ಯಾಕರಣದಿಂದ ಇನ್ನೊಂದು ಭಾಷೆಯನ್ನು ಓದಲಾಗದಂತೆಯೇ ಇದು.

ಈ ಗುರುತುಗಳು ಕೇವಲ ಅಲಂಕಾರವಾಗಿರಲಿಲ್ಲ ಎಂಬುದಕ್ಕೆ ಒಂದು ದಾರುಣ ನಿದರ್ಶನವಿದೆ. 1941ರಲ್ಲಿ ಸೋವಿಯತ್ ಸೈನ್ಯದ ರಾಜಕೀಯ ಅಧಿಕಾರಿಗಳಾದ ಕಮಿಸಾರರು ತೋಳಿನ ಮೇಲೆ ಕೆಂಪು ನಕ್ಷತ್ರವನ್ನು ಧರಿಸುತ್ತಿದ್ದರು. ಸೆರೆಸಿಕ್ಕ ಕಮಿಸಾರರನ್ನು ಈ ಗುರುತಿನಿಂದ ಪತ್ತೆಮಾಡಿ ಕೊಲ್ಲಬೇಕೆಂದು ಜರ್ಮನ್ ಸೇನೆಯ ವರಿಷ್ಠರು ಆ ವರ್ಷದ ಜೂನ್ ತಿಂಗಳಿನಲ್ಲಿ ಆಜ್ಞೆ ಹೊರಡಿಸಿದರು. ಅಂಗಿಯ ತೋಳಿನಲ್ಲಿದ್ದ ಬಟ್ಟೆಯ ತುಂಡೊಂದು ಮನುಷ್ಯನ ಬದುಕುಸಾವುಗಳನ್ನು ನಿರ್ಣಯಿಸಿತು. ಇಂದು ಆ ನಕ್ಷತ್ರವನ್ನು ಅಭಿನಯಕ್ಕಾಗಿ ತೊಡುವವನು ಇದನ್ನು ಮರೆಯುವಂತಿಲ್ಲ.

ಈ ಸಂಘಗಳಲ್ಲಿ ಇನ್ನೊಂದು ವಿವೇಕವೂ ಬೆಳೆದುಬಂದಿದೆ. ಹೊಸದಾಗಿ ಸೇರಿದವರಿಗೆ ಅಧಿಕಾರಿಯ ಪೋಷಾಕಿನ ಮೇಲೆ ಆಸೆ ಹೆಚ್ಚು. ಆದರೆ ಇಪ್ಪತ್ತು ಜನರ ತಂಡದಲ್ಲಿ ಹತ್ತು ಮಂದಿ ಕರ್ನಲ್‌ಗಳಾದರೆ ಅದು ಸೈನ್ಯವಾಗದು, ಸಂತೆಯಾಗುತ್ತದೆ. ‘ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು?’ ಎಂಬ ನಮ್ಮ ಗಾದೆ ಇಲ್ಲಿಗೂ ಸಲ್ಲುತ್ತದೆ. ಅನುಭವಿಗಳು ಹೊಸಬರಿಗೆ ಮೊದಲು ಸಾಮಾನ್ಯ ಸೈನಿಕನ ಉಡುಪನ್ನೇ ತೊಡಿಸುತ್ತಾರೆ. ಕಾಲಿಗೆ ಬಟ್ಟೆ ಸುತ್ತುವುದನ್ನು, ಮೇಲಂಗಿಯನ್ನು ಸುರುಳಿ ಸುತ್ತಿ ಹೆಗಲಿಗೆ ಏರಿಸುವುದನ್ನು, ಸಾಲಿನಲ್ಲಿ ನಡೆಯುವುದನ್ನು ಕಲಿಸುತ್ತಾರೆ. ಯೋಧರು ಪ್ರಾಣವನ್ನು ಪಣವಾಗಿಟ್ಟು ಗಳಿಸಿದ ಪದಕಗಳನ್ನು ಆಟದ ಒಡವೆಗಳಂತೆ ಎದೆಗೆ ತೂಗುಹಾಕಿಕೊಳ್ಳುವುದು ಅವರಿಗೆ ಸಮ್ಮತವಲ್ಲ. ನಮ್ಮ ದೇಶದ ಕಾನೂನೂ ತಾನು ಸೈನಿಕನೆಂದು ಇತರರನ್ನು ನಂಬಿಸುವ ಉದ್ದೇಶದಿಂದ ಸೈನಿಕನ ಉಡುಪನ್ನೋ ಗುರುತನ್ನೋ ಧರಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ರಂಗದ ಮೇಲಿನ ನಟನಿಗೆ ಅಂತಹ ವಂಚನೆಯ ಉದ್ದೇಶವಿರುವುದಿಲ್ಲ. ಆದರೆ ಸತ್ಯದ ಹೊಣೆ ಅವನಿಗೂ ಇದೆ.

ಸೋವಿಯತ್ ಸೈನ್ಯಕ್ಕೆ ಹೆಗಲುಪಟ್ಟಿಗಳು ಮರಳಿ ಬಂದ 1943ರಲ್ಲಿಯೇ ಹಾವೇರಿಯ ಸೀಮೆಯಲ್ಲಿ ಬೇರೊಂದು ಹೋರಾಟ ನಡೆದಿತ್ತು. ಮೋಟೆಬೆನ್ನೂರಿನ ಮೈಲಾರ ಮಹಾದೇವರು 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದ ಕನ್ನಡಿಗರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯ ಸಂಗ್ರಹದ ಮೇಲೆ ದಾಳಿ ನಡೆಸಿದಾಗ ಅವರೂ ಅವರ ಇಬ್ಬರು ಸಂಗಾತಿಗಳೂ ಗುಂಡಿಗೆ ಬಲಿಯಾದರು. ಅವರ ಹೆಗಲಿನಲ್ಲಿ ನಕ್ಷತ್ರವಿರಲಿಲ್ಲ, ತೋಳಿನಲ್ಲಿ ಪಟ್ಟೆಯಿರಲಿಲ್ಲ. ಖಾದಿಯೇ ಅವರ ಸಮವಸ್ತ್ರ. ನಾಯಕನಿಗೂ ಅನುಯಾಯಿಗೂ ಒಂದೇ ಬಟ್ಟೆ. ಆದರೂ ಯಾರ ಮಾತಿಗೆ ಹಿಂದೆ ಬರಬೇಕೆಂಬುದು ಸಂಗಾತಿಗಳಿಗೆ ತಿಳಿದಿತ್ತು. ಮಹಾದೇವರ ಕಥೆಯನ್ನು ಅಭಿನಯಿಸುವ ಬಾಲಕರು ಅವರಿಗೆ ಸೇನಾನಿಯ ಬಿರುದುಬಾವಲಿಗಳನ್ನು ತೊಡಿಸಬೇಕಾಗಿಲ್ಲ. ಲಾಂಛನ ಇಲ್ಲದಿರುವುದೇ ಅಲ್ಲಿಯ ಲಾಂಛನ.

ಗತಿಸಿದವರು ಎದ್ದುಬಂದು ನಮ್ಮ ತಪ್ಪುಗಳನ್ನು ತಿದ್ದಲಾರರು. ಅವರ ಪರವಾಗಿ ಮಾತನಾಡುವವರು ನಾವು. ಅವರ ಅಂಗಿಯನ್ನು ತೊಡುವವರೂ ನಾವೇ. ಇಲ್ಲದ ನಕ್ಷತ್ರವೊಂದನ್ನು ಸೇರಿಸಿದರೆ ಅವರ ಗೌರವ ಹೆಚ್ಚುವುದಿಲ್ಲ. ಇದ್ದ ಗುರುತೊಂದನ್ನು ಬಿಟ್ಟರೆ ಅವರು ಹೊತ್ತ ಹೊಣೆಯೊಂದು ಮರೆತುಹೋಗುತ್ತದೆ. ಹವಾಲ್ದಾರ ಎಂಬ ಅಡ್ಡಹೆಸರಿನ ವಿದ್ಯಾರ್ಥಿಯು ತನ್ನ ಹಿರಿಯರು ಯಾವ ಕಾಲದಲ್ಲಿ, ಯಾವ ಕೋಟೆಯಲ್ಲಿ, ಯಾವ ಹೊಣೆಯನ್ನು ಹೊತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಂಡರೆ, ಊರಿನ ವೀರಗಲ್ಲಿನ ಮೇಲಿನ ಕಾಲಾಳನ್ನು ಒಮ್ಮೆ ನಿಂತು ನೋಡಿದರೆ, ಚರಿತ್ರೆಯ ಅಭ್ಯಾಸವು ಆತನ ಪಾಲಿಗೆ ಅಂದೇ ಆರಂಭವಾದಂತೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹವಾಲ್ದಾರ ಎಂಬ ಪದದ ಅರ್ಥವೇನು?
2. ಕಾರ್ಯಪ್ಪನವರು ಭಾರತೀಯ ಸೈನ್ಯದ ಮಹಾದಂಡನಾಯಕರಾದುದು ಎಂದು?
3. ಸೋವಿಯತ್ ಸೈನ್ಯಕ್ಕೆ ಹೆಗಲುಪಟ್ಟಿಗಳು ಮರಳಿ ಬಂದುದು ಯಾವಾಗ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪ್ರಾಚೀನ ಕರ್ನಾಟಕದಲ್ಲಿ ಪದವಿಯನ್ನು ಯಾವ ಯಾವ ರೀತಿಯಲ್ಲಿ ಸೂಚಿಸುತ್ತಿದ್ದರು?
2. ಕಿತ್ತೂರಿನ ಕಥೆಯನ್ನು ಅಭಿನಯಿಸುವವರು ಉಡುಪಿನ ವಿಷಯದಲ್ಲಿ ವಹಿಸಬೇಕಾದ ಎಚ್ಚರಿಕೆಗಳಾವುವು?
3. ‘ಲಾಂಛನ ಇಲ್ಲದಿರುವುದೇ ಅಲ್ಲಿಯ ಲಾಂಛನ’ – ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.

ಇ) ಚಟುವಟಿಕೆ
ನಿಮ್ಮ ಊರಿನ ಅಥವಾ ನೆರೆಯ ಊರಿನ ವೀರಗಲ್ಲೊಂದನ್ನು ನೋಡಿ, ಅದರಲ್ಲಿನ ಯೋಧರ ಉಡುಪು, ಆಯುಧ, ವಾಹನಗಳನ್ನು ವರ್ಣಿಸಿ ಒಂದು ಪುಟದ ಬರಹವನ್ನು ಸಿದ್ಧಪಡಿಸಿರಿ.